ಗೋಡೆಯ ಬೂಷ್ಟಿಗೆ ಮಳೆಯನ್ನು ದೂರಬೇಡಿ

ಮಳೆಗಾಲ ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ಎರಡು ಸಾಮಾನು ಚೆನ್ನಾಗಿ ಖರ್ಚಾಗುತ್ತವೆ. ಒಂದು ಕೊಡೆ, ಇನ್ನೊಂದು ಕೆಮ್ಮಿನ ಔಷಧಿ. ಕೊಡೆಯ ವ್ಯಾಪಾರ ಜೂನ್ ತಿಂಗಳಲ್ಲೇ ಮುಗಿಯುತ್ತದೆ. ಔಷಧಿಯದ್ದು ಮಾತ್ರ ನವರಾತ್ರಿ ದಾಟಿದರೂ ಮುಗಿಯುವುದಿಲ್ಲ.

ಬೆಳಿಗ್ಗೆ ಎದ್ದ ಕೂಡಲೇ ಹತ್ತು ಸೀನು. ಅಂಗಡಿಯ ಶಟರ್ ಎತ್ತಿದ ಕೂಡಲೇ ಕಣ್ಣಲ್ಲಿ ನೀರು. ರಾತ್ರಿ ಮಗು ಮಲಗಿದರೆ ಎದೆಯೊಳಗೆ ಸಿಳ್ಳೆ. ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: “ಎಂತ ಮಾಡುದು ಮಾರಾಯ್ರೆ, ಮಳೆಗಾಲ ಅಲ್ವಾ?”

ಈ ಉತ್ತರ ಕೇಳಲು ಹಿತವಾಗಿದೆ. ಯಾರ ಮೇಲೂ ತಪ್ಪು ಹೊರಿಸುವುದಿಲ್ಲ, ಯಾರ ಕಿಸೆಯಿಂದಲೂ ಖರ್ಚು ಬೀಳುವುದಿಲ್ಲ. ಆದರೆ ಇದು ಅರ್ಧ ಮಾತ್ರ ನಿಜ. ಮಳೆ ದೇವರು ಕೊಡುವುದು. ಆ ಮಳೆ ಗೋಡೆಯೊಳಗೆ ಇಳಿಯುವುದು ಮನುಷ್ಯ ಬಿಟ್ಟದ್ದು. ಗೋಡೆಯಲ್ಲಿ ಇಳಿದ ನೀರಿನ ಮೇಲೆ ಬೆಳೆಯುವುದೇ ಬೂಷ್ಟು. ನಮ್ಮ ಜನರ ಮಳೆಗಾಲದ ಕೆಮ್ಮು, ಸೀನು, ಉಬ್ಬಸಗಳಲ್ಲಿ ಒಂದು ದೊಡ್ಡ ಪಾಲು ಈ ಬೂಷ್ಟಿನ ಲೆಕ್ಕಕ್ಕೆ ಹೋಗಬೇಕಾದದ್ದು.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ನಿಮ್ಮದೇ ಪೇಟೆಯ ಒಂದು ಸಾಲಿನಲ್ಲಿ ನಡೆದು ಹೋಗಿ. ಒಂದು ಅಂಗಡಿಯ ಹಿಂದಿನ ಗೋಡೆ ಮಸಿ ಬಳಿದಂತೆ ಕಪ್ಪು. ಅದರ ಪಕ್ಕದ ಅಂಗಡಿಯ ಗೋಡೆ ಬೆಳ್ಳಗೆ. ಎರಡರ ಮೇಲೂ ಸುರಿದ ಮಳೆ ಒಂದೇ ಅಲ್ಲವೇ? ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು ಸ್ವಾಮೀ?

ಬೂಷ್ಟಿಗೆ ಬೇಕಾದದ್ದು ನಾಲ್ಕು

ಬೂಷ್ಟು, ಬೂಸರು, ಪುಸ್ತಕದ ಭಾಷೆಯಲ್ಲಿ ಶಿಲೀಂಧ್ರ, ಯಾವ ಹೆಸರಿನಿಂದ ಕರೆದರೂ ಅದೊಂದು ಜೀವಿ. ಅದು ಬೆಳೆಯಲು ನಾಲ್ಕು ಸಂಗತಿ ಬೇಕು: ಬೀಜ, ಊಟ, ಬೆಚ್ಚಗಿನ ಹವೆ, ನೀರು.

ಬೀಜ ಎಲ್ಲ ಕಡೆ ಇದೆ. ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಸದಾ ತೇಲಾಡುತ್ತಿರುತ್ತವೆ. ಮನೆಯಲ್ಲಿ ಸಾಮಾನ್ಯವಾಗಿ ಬೆಳೆಯುವ ಆಸ್ಪರ್ಜಿಲಸ್ ಎಂಬ ಜಾತಿಯ ಬೀಜಕಣ ಎಷ್ಟು ಚಿಕ್ಕದೆಂದರೆ ನಿಮ್ಮ ತಲೆಯ ಒಂದು ಕೂದಲಿನ ಅಗಲದಲ್ಲಿ ಇಪ್ಪತ್ತು ಕಣಗಳನ್ನು ಸಾಲಾಗಿ ಕೂರಿಸಬಹುದು. ಅಷ್ಟು ಸಣ್ಣದಾದ್ದರಿಂದಲೇ ಅದು ಮೂಗು ದಾಟಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಊಟಕ್ಕೂ ಕೊರತೆ ಇಲ್ಲ. ಮರ, ಕಾಗದ, ರಟ್ಟು, ಬಟ್ಟೆ, ಚಪ್ಪಲಿಯ ಚರ್ಮ, ಗೋಡೆಯ ಮೇಲೆ ಕೂತ ಧೂಳು ಎಲ್ಲವೂ ಅದಕ್ಕೆ ಆಗುತ್ತದೆ. ಬೆಚ್ಚಗಿನ ಹವೆ ನಮ್ಮ ಕರಾವಳಿಯಲ್ಲಿ ಹನ್ನೆರಡು ತಿಂಗಳೂ ಧಾರಾಳ.

ಉಳಿದದ್ದು ನೀರು. ನಾಲ್ಕರಲ್ಲಿ ಮನುಷ್ಯನ ಕೈಯಲ್ಲಿರುವುದು ಇದೊಂದೇ. ಒದ್ದೆಯಾದ ವಸ್ತುವನ್ನು ಒಂದೆರಡು ದಿನದೊಳಗೆ ಒಣಗಿಸಿದರೆ ಬೂಷ್ಟು ಸಾಮಾನ್ಯವಾಗಿ ಹಿಡಿಯುವುದಿಲ್ಲ. ಒಣಗಿಸದಿದ್ದರೆ ಬಿಡುವುದಿಲ್ಲ. ಮನೆಯೊಳಗಿನ ಗಾಳಿಯ ತೇವಾಂಶ ನೂರಕ್ಕೆ ಅರುವತ್ತರೊಳಗೆ ಇದ್ದರೆ ಒಳ್ಳೆಯದೆಂದು ತಿಳಿದವರು ಹೇಳುತ್ತಾರೆ. ನಮ್ಮಲ್ಲಿ ಆಟಿ ತಿಂಗಳಲ್ಲಿ ಹೊರಗಿನ ಗಾಳಿಯದ್ದೇ ತೊಂಬತ್ತರ ಆಸುಪಾಸು ಇರುತ್ತದೆ. ಹಾಗಾಗಿ ಬೆಲ್ಟು, ಚಪ್ಪಲಿ, ಕಪಾಟಿನ ಬಟ್ಟೆಯ ಮೇಲೆ ಸ್ವಲ್ಪ ಬಿಳಿ ಹುಡಿ ಕೂತರೆ ಮಳೆಗಾಲವನ್ನು ದೂರಿಕೊಳ್ಳಿ, ಪರವಾಗಿಲ್ಲ. ಆದರೆ ಗೋಡೆಯ ಮೂಲೆಯಲ್ಲಿ ಅಂಗೈಯಗಲದ ಕಪ್ಪು ಕಲೆ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿದ್ದರೆ ಅದು ಗಾಳಿಯದ್ದಲ್ಲ. ಅದು ಸೋರುವ ತಾರಸಿಯದ್ದು, ಒಡೆದ ಪೈಪಿನದ್ದು, ಕಟ್ಟಿಹೋದ ಚರಂಡಿಯದ್ದು.

ಎಷ್ಟು ಜನರಿಗೆ ತಾಗುತ್ತದೆ?

ಬೂಷ್ಟಿನ ಗಾಳಿ ಎಲ್ಲರೂ ಕುಡಿಯುತ್ತಾರೆ, ಅಲರ್ಜಿ ಎಲ್ಲರಿಗೂ ಆಗುವುದಿಲ್ಲ. ಕೆಲವರ ದೇಹ ಆ ಬೀಜಕಣವನ್ನು ಶತ್ರು ಎಂದು ತಪ್ಪು ತಿಳಿದು ಯುದ್ಧಕ್ಕೆ ಇಳಿಯುತ್ತದೆ. ಆ ಯುದ್ಧವೇ ಸೀನು, ಮೂಗು ಸುರಿಯುವುದು, ಕಣ್ಣು ತುರಿಕೆ, ಎದೆ ಬಿಗಿತ, ಉಬ್ಬಸ. ತಂದೆ ತಾಯಿಗೆ ಅಲರ್ಜಿಯ ಸ್ವಭಾವ ಇದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ಒಂದೇ ಮಳೆಗೆ ಬರಬೇಕೆಂದೂ ಇಲ್ಲ. ವರ್ಷಗಟ್ಟಲೆ ಅದೇ ಗಾಳಿ ಕುಡಿದ ಮೇಲೆ ಒಂದು ದಿನ ಶುರುವಾಗಬಹುದು.

ಸಾಮಾನ್ಯ ಜನರಲ್ಲಿ ನೂರಕ್ಕೆ ಮೂರರಿಂದ ಹತ್ತು ಮಂದಿಗೆ ಬೂಷ್ಟಿನ ಅಲರ್ಜಿ ಇರಬಹುದೆಂಬುದು ವೈದ್ಯರ ಸಾಧಾರಣ ಅಂದಾಜು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ಬಸ್ಸಿನಲ್ಲಿ ಐವತ್ತು ಜನ ಕೂತಿದ್ದರೆ ಅವರಲ್ಲಿ ಒಬ್ಬಿಬ್ಬರಿಂದ ಹಿಡಿದು ಐದು ಜನರವರೆಗೆ. ನಿಂತವರ ಲೆಕ್ಕ ಬೇರೆ! ಆಗಲೇ ಅಸ್ತಮಾ ಇದ್ದವರಲ್ಲಿ ಪ್ರಮಾಣ ಇನ್ನೂ ಜಾಸ್ತಿ. ಚಂಡೀಗಢದ ಪಿಜಿಐ ಆಸ್ಪತ್ರೆಯ ವೈದ್ಯರು 2009ರಲ್ಲಿ ಬೇರೆ ಬೇರೆ ದೇಶಗಳ ಅನೇಕ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಆಸ್ಪತ್ರೆಗೆ ಬರುವ ಅಸ್ತಮಾ ರೋಗಿಗಳಲ್ಲಿ ನೂರಕ್ಕೆ ಸುಮಾರು 28 ಮಂದಿಯ ದೇಹ ಆಸ್ಪರ್ಜಿಲಸ್ ಬೂಷ್ಟಿಗೆ ಸಿಡಿಯುವಂಥದ್ದು ಎಂದು ಕಂಡುಬಂತು. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು!

ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ತೇವ ಮತ್ತು ಬೂಷ್ಟಿನ ಬಗ್ಗೆಯೇ ಒಂದು ಮಾರ್ಗಸೂಚಿ ಹೊರಡಿಸಿತು. ಯುರೋಪು, ಉತ್ತರ ಅಮೆರಿಕ, ಆಸ್ಟ್ರೇಲಿಯ, ಜಪಾನ್ ಮತ್ತು ನಮ್ಮ ಭಾರತದಲ್ಲಿ ಕಟ್ಟಡಗಳ ಪೈಕಿ ನೂರಕ್ಕೆ ಹತ್ತರಿಂದ ಐವತ್ತರಷ್ಟು ತೇವದಿಂದ ನರಳುತ್ತಿವೆ ಎಂಬ ಅಂದಾಜು ಅದರಲ್ಲಿದೆ. ತೇವದ ಕಟ್ಟಡದಲ್ಲಿ ಇರುವವರಿಗೆ ಉಬ್ಬಸ, ಕೆಮ್ಮು, ಅಸ್ತಮಾ ಹೆಚ್ಚು ಎಂಬುದನ್ನೂ ಅದು ಸ್ಪಷ್ಟವಾಗಿ ಹೇಳಿದೆ. ಇದು ಬರೀ ಅಜ್ಜಿಯರ ಗೊಣಗಾಟ ಅಲ್ಲ ಎಂಬುದು ಗಮನಾರ್ಹ.

ಘಟ್ಟ ಹತ್ತಿದರೆ ಪಾರೇ?

ನಮ್ಮಲ್ಲಿ ಇನ್ನೊಂದು ನಂಬಿಕೆ ಇದೆ. “ಹುಡುಗನನ್ನು ಘಟ್ಟದ ಮೇಲೆ ಕಳಿಸಿ, ಒಣ ಹವೆ, ತನ್ನಿಂತಾನೇ ಸರಿ ಹೋಗ್ತದೆ.” ಕೆಲವರಿಗೆ ಸರಿ ಹೋಗುವುದೂ ಉಂಟು. ಆದರೆ ಒಣ ಊರಿನಲ್ಲಿ ಬೂಷ್ಟಿನ ಅಲರ್ಜಿ ಇಲ್ಲ ಎಂದು ತಿಳಿದರೆ ಮೋಸ ಹೋದಂತೆ.

ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಟೂಸಾನ್ ಎಂಬ ಊರಿದೆ. ಸುತ್ತ ಮರುಭೂಮಿ, ಕಳ್ಳಿಗಿಡ. ಅಲ್ಲಿ ಬೆಳೆದ ಮಕ್ಕಳ ಮೇಲೆ ನಡೆದ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಮಕ್ಕಳ ಅಸ್ತಮಾದ ಜತೆ ಹೆಚ್ಚಾಗಿ ತಳಕು ಹಾಕಿಕೊಂಡಿದ್ದ ಅಲರ್ಜಿ ಯಾವುದು ಗೊತ್ತೇ? ಆಲ್ಟರ್ನೇರಿಯ ಎಂಬ ಬೂಷ್ಟಿನದ್ದು! ಆಸ್ಟ್ರೇಲಿಯದಲ್ಲೂ ಅದೇ ಕತೆ. ಅಲ್ಲಿ ಎರಡು ಹವೆಯ ಊರುಗಳ ಮಕ್ಕಳನ್ನು ಹೋಲಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೇವದ ಕರಾವಳಿಯಲ್ಲಿ ಧೂಳುಹುಳ ಮುಖ್ಯ ಆರೋಪಿಯಾದರೆ, ಒಣ ಒಳನಾಡಿನಲ್ಲಿ ಆಲ್ಟರ್ನೇರಿಯ ಬೂಷ್ಟು ಎದ್ದು ನಿಂತಿತು. ಅಮೆರಿಕದ ಧಾನ್ಯ ಬೆಳೆಯುವ ಬಯಲುಸೀಮೆಯಲ್ಲಿ ಹಠಾತ್ತನೆ ಉಸಿರು ನಿಂತುಹೋದ ಹನ್ನೊಂದು ಮಂದಿ ಎಳೆಯ ಅಸ್ತಮಾ ರೋಗಿಗಳ ಬಗ್ಗೆ ಮೇಯೋ ಕ್ಲಿನಿಕ್ಕಿನ ವೈದ್ಯರು 1991ರಲ್ಲಿ ಬರೆದರು. ಹನ್ನೊಂದರಲ್ಲಿ ಹತ್ತು ಮಂದಿಗೆ ಅದೇ ಆಲ್ಟರ್ನೇರಿಯದ ಅಲರ್ಜಿ ಇತ್ತು.

ಕಾರಣ ಸರಳ. ಬೂಷ್ಟಿನಲ್ಲೂ ಜಾತಿ ನೂರಾರು. ಕೆಲವು ಮಳೆ, ಇಬ್ಬನಿ ಬಿದ್ದಾಗ ಬೀಜ ಎಸೆಯುತ್ತವೆ. ಆಲ್ಟರ್ನೇರಿಯದಂಥವು ಒಣಗಿದ ಎಲೆ, ಧಾನ್ಯ, ಹುಲ್ಲಿನ ಮೇಲೆ ಬೆಳೆದು, ಬಿಸಿಲು ಗಾಳಿ ಬೀಸುವ ಮಧ್ಯಾಹ್ನದ ಹೊತ್ತಿಗೆ ಬೀಜ ಹಾರಿಸುತ್ತವೆ. ಕಟಾವು, ಒಕ್ಕಣೆಯ ಧೂಳು ಎದ್ದಾಗ ಅದರ ಜತೆ ಇವೂ ಏಳುತ್ತವೆ. ಚಳಿ ದೇಶಗಳಲ್ಲಿ ಹಿಮ ಬಿದ್ದಾಗ ಹೊರಗಿನ ಬೀಜಕಣ ಕಡಿಮೆಯಾಗುತ್ತದೆ, ಆದರೆ ಜನ ಕಿಟಕಿ ಮುಚ್ಚಿ ಒಳಗೆ ಕೂರುತ್ತಾರೆ, ತಣ್ಣಗಿನ ಗಾಜಿನ ಮೇಲೆ ನೀರು ಇಳಿಯುತ್ತದೆ, ಬೂಷ್ಟು ಒಳಗೇ ಹುಟ್ಟುತ್ತದೆ. ಯುರೋಪಿನ ಊರೂರಿನ ಲೆಕ್ಕ ಹಿಡಿದಾಗ ಆಲ್ಟರ್ನೇರಿಯಕ್ಕೆ ಸಿಡಿಯುವವರು ಕೆಲವು ಊರಲ್ಲಿ ನೂರಕ್ಕೆ ಒಬ್ಬರೂ ಇಲ್ಲ, ಕೆಲವು ಊರಲ್ಲಿ ಹತ್ತಕ್ಕೂ ಮೇಲೆ. ಬಿಸಿಲಿನ ದೇಶ, ಚಳಿಯ ದೇಶ, ಮಳೆಯ ದೇಶ ಎಲ್ಲ ಕಡೆಯೂ ಬೂಷ್ಟು ಉಂಟು. ಜಾತಿ ಬೇರೆ, ಹೊತ್ತು ಬೇರೆ, ಅಷ್ಟೆ.

ನಮ್ಮದೇ ಬೆಂಗಳೂರನ್ನು ನೋಡಿ. ಕರಾವಳಿಯ ಮಳೆ ಅಲ್ಲಿಲ್ಲ, ಸಮುದ್ರವೂ ಇಲ್ಲ. ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಅಲ್ಲಿನ ಮಕ್ಕಳನ್ನು ಪರೀಕ್ಷಿಸಿ ಕೊಟ್ಟ ಲೆಕ್ಕದ ಪ್ರಕಾರ ಅಸ್ತಮಾ 1979ರಲ್ಲಿ ನೂರಕ್ಕೆ 9 ಇದ್ದದ್ದು 1999ರ ಹೊತ್ತಿಗೆ 29.5ಕ್ಕೆ ಏರಿತು. ಇದು ಅಸ್ತಮಾದ ಲೆಕ್ಕ, ಬೂಷ್ಟಿನದ್ದೊಂದೇ ಅಲ್ಲ. ಹೊಗೆ, ಧೂಳು, ನಗರದ ವಾಸ ಎಲ್ಲ ಸೇರಿದೆ. ಆದರೂ ಇಪ್ಪತ್ತು ವರ್ಷದಲ್ಲಿ ಬೆಂಗಳೂರಿನ ಹವೆ ಮೂರು ಪಟ್ಟು ಕೆಡಲಿಲ್ಲವಲ್ಲ? ಜನ ಬದುಕುವ ರೀತಿ, ಕಟ್ಟುವ ರೀತಿ ಬದಲಾಯಿತು.

ಹಾಲೆಂಡಿನ ತೇವ, ಲಂಡನ್ನಿನ ಮದ್ದು

ತೇವಕ್ಕೂ ಉಬ್ಬಸಕ್ಕೂ ಸಂಬಂಧ ಉಂಟೆಂದು ಹಟ ಹಿಡಿದು ಹುಡುಕಿದವರಲ್ಲಿ ಹಾಲೆಂಡಿನ ಸ್ಟಾರ್ಮ್ ವಾನ್ ಲ್ಯೂವೆನ್ ಎಂಬ ವೈದ್ಯ ಒಬ್ಬರು. ನೂರು ವರ್ಷದ ಹಿಂದಿನ ಮಾತು. ಹಾಲೆಂಡು ನಮ್ಮ ಹಾಗೆಯೇ ಸಮುದ್ರದ ಪಕ್ಕದ ತಗ್ಗು ನೆಲ, ಎಲ್ಲಿ ನೋಡಿದರೂ ನೀರು. ಅಲ್ಲಿನ ತೇವದ ಮನೆಗಳ ಬೂಷ್ಟೇ ಅನೇಕರ ಉಬ್ಬಸಕ್ಕೆ ಕಾರಣ ಎಂದು ಅವರು ವಾದಿಸಿದರು. ಆ ವಾದ ಲಂಡನ್ನಿಗೂ ಮುಟ್ಟಿತು. ಅಲ್ಲಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅಸ್ತಮಾ ರೋಗಿಗಳ ಮನೆಯ ಬೂಷ್ಟನ್ನು ತಂದು ಬೆಳೆಸಿ ನೋಡಲು ಲಾ ಟೂಶ್ ಎಂಬ ತಜ್ಞರನ್ನು ನೇಮಿಸಿದರು. ಅವರ ಕೋಣೆಯ ಮೇಲಿನ ಅಂತಸ್ತಿನಲ್ಲಿ ಕೆಲಸ ಮಾಡುತ್ತಿದ್ದವರು ಅಲೆಕ್ಸಾಂಡರ್ ಫ್ಲೆಮಿಂಗ್. 1928ರಲ್ಲಿ ಫ್ಲೆಮಿಂಗರ ತಟ್ಟೆಯಲ್ಲಿ ಬಂದು ಬಿದ್ದು ಪೆನಿಸಿಲಿನ್ ಕೊಟ್ಟ ಬೂಷ್ಟು ಕೆಳಗಿನ ಲಾ ಟೂಶರ ಕೋಣೆಯಿಂದಲೇ ಹಾರಿ ಬಂದಿರಬೇಕು ಎಂದು ಬಹಳ ಮಂದಿ ನಂಬುತ್ತಾರೆ.

ಅಂದರೆ, ಜಗತ್ತಿಗೆ ದೊಡ್ಡ ಮದ್ದು ಸಿಕ್ಕಿದ್ದು ಉಬ್ಬಸದವರ ಮನೆಯ ಬೂಷ್ಟನ್ನು ಯಾರೋ ಕಡೆಗಣಿಸದೆ ನೋಡಿದ್ದರಿಂದ. ನಾವೋ, ಅದರ ಮೇಲೆ ಕ್ಯಾಲೆಂಡರ್ ತೂಗು ಹಾಕಿ ಮುಚ್ಚುತ್ತೇವೆ!

ನಮ್ಮ ನಾಲ್ಕು ಊರಿನ ನಾಲ್ಕು ಕತೆ

ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಕೆಲವು ಕಡೆ ಅದಕ್ಕೂ ಮಿಕ್ಕಿ. ಚಿತ್ರದುರ್ಗದಂಥ ಬಯಲುಸೀಮೆಯಲ್ಲಿ ಅದರ ಆರನೇ ಒಂದು ಪಾಲೂ ಕಷ್ಟ. ಆದರೆ ಒಂದೇ ಜಿಲ್ಲೆಯೊಳಗೂ ಬೂಷ್ಟು ಬರುವ ದಾರಿ ಊರಿಂದೂರಿಗೆ ಬೇರೆ.

ಉಡುಪಿ ಪೇಟೆಯಲ್ಲಿ ಅದು ಬರುವುದು ಚರಂಡಿಯಿಂದ ಮತ್ತು ಒತ್ತಾಗಿ ಕಟ್ಟಿದ ಅಂಗಡಿ ಸಾಲಿನಿಂದ. ಎರಡು ಕಟ್ಟಡದ ನಡುವೆ ಕೈ ತೂರಲೂ ಜಾಗವಿಲ್ಲ. ಆ ಸಂದಿಯಲ್ಲಿ ಬಿದ್ದ ನೀರು ಡಿಸೆಂಬರಿನವರೆಗೆ ಒಣಗುವುದಿಲ್ಲ. 2020ರ ಸೆಪ್ಟೆಂಬರ್ 20ರ ಮಳೆಯನ್ನು ಯಾರು ಮರೆತಾರು? ಒಂದೇ ರಾತ್ರಿಯ ಮಳೆಗೆ ಕಲ್ಸಂಕ, ಬೈಲಕೆರೆಯಂಥ ತಗ್ಗು ಪ್ರದೇಶಗಳಲ್ಲಿ ನೀರು ಮನೆ ಅಂಗಡಿಗಳಿಗೆ ನುಗ್ಗಿತು. ನೀರು ಮರುದಿನ ಇಳಿಯಿತು, ಫೋಟೋ ತೆಗೆದವರೂ ಹೋದರು. ಆದರೆ ನೆನೆದ ಗೋಡೆ, ಹಾಸಿಗೆ, ಮರದ ಕಪಾಟು ಒಣಗುವುದಕ್ಕೆ ಎಷ್ಟು ವಾರ ಬೇಕು? 2005ರಲ್ಲಿ ಕತ್ರೀನಾ ಚಂಡಮಾರುತದ ನೆರೆ ಇಳಿದ ಮೇಲೆ ಅಮೆರಿಕದ ನ್ಯೂ ಆರ್ಲಿಯನ್ಸ್ ಪ್ರದೇಶದಲ್ಲಿ ಸರಕಾರದವರು ಮನೆಗಳನ್ನು ತಪಾಸಣೆ ಮಾಡಿದರು. ನೋಡಿದ ಮನೆಗಳಲ್ಲಿ ನೂರಕ್ಕೆ 46ರಲ್ಲಿ ಕಣ್ಣಿಗೆ ಕಾಣುವ ಬೂಷ್ಟು. ನಮ್ಮಲ್ಲಿ ನೆರೆ ಪರಿಹಾರದ ಪಟ್ಟಿಯಲ್ಲಿ ಪಾತ್ರೆ ಪಗಡೆಯ ಲೆಕ್ಕ ಬರುತ್ತದೆ, ಬೂಷ್ಟಿನ ಲೆಕ್ಕಕ್ಕೆ ಕಾಲಮ್ಮೇ ಇಲ್ಲ.

ಮಣಿಪಾಲ ಗುಡ್ಡದ ಮೇಲೆ ಇದೆ, ನೀರು ನಿಲ್ಲುವುದಿಲ್ಲ. ಆದರೂ ಬೂಷ್ಟಿಗೆ ಬರವಿಲ್ಲ. ಅಲ್ಲಿ ಕಾರಣ ಮುಚ್ಚಿದ ಕಿಟಕಿ. ಬಾಡಿಗೆ ಕೋಣೆ, ಅಪಾರ್ಟ್‌ಮೆಂಟು, ಒಳಗೇ ಸ್ನಾನದ ಮನೆ, ಹವೆ ಹೊರಹಾಕುವ ಫ್ಯಾನಿಲ್ಲ, ಮಂಚದ ಮೇಲೆ ಹಗ್ಗ ಕಟ್ಟಿ ಒದ್ದೆ ಬಟ್ಟೆ. ಒಂದು ಬಾಲ್ದಿ ಬಟ್ಟೆಯ ನೀರೆಲ್ಲ ಹೋಗುವುದೆಲ್ಲಿಗೆ? ಕೋಣೆಯ ಗಾಳಿಗೆ, ಅಲ್ಲಿಂದ ಗೋಡೆಗೆ. ಕಸ್ತೂರ್ಬಾ ಮೆಡಿಕಲ್ ಕಾಲೇಜು 1953ರಲ್ಲಿ ಶುರುವಾದಂದಿನಿಂದ ದೇಶದ ಮೂಲೆ ಮೂಲೆಯಿಂದ ಮಕ್ಕಳು ಈ ಗುಡ್ಡಕ್ಕೆ ಓದಲು ಬರುತ್ತಾರೆ. ರಾಜಸ್ಥಾನ, ದಿಲ್ಲಿ, ಹೈದರಾಬಾದಿನ ಒಣ ಹವೆಯಲ್ಲಿ ಬೆಳೆದವರು ನಮ್ಮ ಆಟಿಯ ಮಳೆಗೆ ಸಿಕ್ಕಿದಾಗ ಬಟ್ಟೆ ಒಣಗಿಸುವುದು, ಕಪಾಟಿಗೆ ಗಾಳಿ ಬಿಡುವುದು ಹೇಗೆಂದು ಅವರಿಗೆ ಯಾರು ಹೇಳಬೇಕು? ಬಾಡಿಗೆ ತೆಗೆದುಕೊಳ್ಳುವವರೇ ಹೇಳಬೇಡವೇ?

ಕಾಪುವಿನಲ್ಲಿ ಸಮುದ್ರದ ಗಾಳಿ. ಉಪ್ಪು ನೀರು ಹೀರುತ್ತದೆ ಎಂಬುದು ಅಡುಗೆಮನೆಯ ಉಪ್ಪಿನ ಭರಣಿ ನೋಡಿದವರಿಗೆಲ್ಲ ಗೊತ್ತು. ಗೋಡೆಗೆ ಕೂತ ಉಪ್ಪೂ ಹಾಗೆಯೇ. ಅದರ ಮೇಲೆ ಇನ್ನೊಂದು ಸಂಗತಿ, ಬೀಗ ಹಾಕಿದ ಮನೆಗಳು. ಯಜಮಾನರು ಮುಂಬಯಿಯಲ್ಲಿ, ಮಕ್ಕಳು ಗಲ್ಫಿನಲ್ಲಿ. ಜೂನ್‌ನಿಂದ ಚೌತಿಯವರೆಗೆ ಕಿಟಕಿ ತೆರೆಯುವವರಿಲ್ಲ. ಊರಿಗೆ ಬಂದು ಬಾಗಿಲು ತೆರೆದ ದಿನ ಮನೆ ಮಂದಿಯೆಲ್ಲ ಸಾಲಾಗಿ ಸೀನುತ್ತಾರೆ. “ಊರಿನ ನೀರು ಆಗ್ಲಿಲ್ಲ” ಅಂತ ಮಾತು. ನೀರಲ್ಲ ಮಾರಾಯ್ರೆ, ಹಾಸಿಗೆ!

ಕಾರ್ಕಳ ಘಟ್ಟದ ಬುಡ, ಮಳೆ ಇನ್ನೂ ಜೋರು. ಅಲ್ಲಿ ಮನೆಯ ಬೂಷ್ಟಿನ ಜತೆ ಕೃಷಿಯದ್ದೂ ಸೇರುತ್ತದೆ: ಸರಿಯಾಗಿ ಒಣಗದ ಅಡಿಕೆ, ಹಟ್ಟಿಯ ಅಟ್ಟದ ಬೈಹುಲ್ಲು. ಬೂಷ್ಟು ಹಿಡಿದ ಹುಲ್ಲು ಕೊಡಹುವವರಿಗೆ ಜ್ವರ, ಕೆಮ್ಮು, ಏದುಸಿರು ಬರುವ ಕಾಯಿಲೆಯನ್ನು ಇಂಗ್ಲೆಂಡಿನಲ್ಲಿ 1932ರಲ್ಲಿಯೇ ಗುರುತಿಸಿ ಬರೆದಿದ್ದಾರೆ. ರೈತನ ಶ್ವಾಸಕೋಶ ಎಂದೇ ಅದಕ್ಕೆ ಹೆಸರು.

ಇಲ್ಲಿ ಒಂದು ವಿಚಿತ್ರ ಹೇಳಲೇಬೇಕು. ಅಡಿಕೆಯ ಕೊಳೆರೋಗದ ಬಗ್ಗೆ ಕೋಲ್ಮನ್ ಎಂಬ ವಿಜ್ಞಾನಿ ಮೈಸೂರು ಸಂಸ್ಥಾನದಲ್ಲಿ 1910ರಷ್ಟು ಹಿಂದೆಯೇ ಪುಸ್ತಕ ಬರೆದರು. ಅಂದಿನಿಂದ ಇಂದಿನವರೆಗೆ ನಮ್ಮ ಕೃಷಿಕರು ಮಳೆ ಹಿಡಿಯುವ ಮೊದಲೇ ಮೈಲುತುತ್ತು, ಸುಣ್ಣ ಕಲಸಿ ಅಡಿಕೆಗೆ ಮದ್ದು ಬಿಡುತ್ತಾರೆ. ಒಂದು ದಿನ ತಡವಾದರೆ ನಿದ್ದೆ ಬರುವುದಿಲ್ಲ. ಗೊನೆಗೆ ತೇವ ತಾಗದ ಹಾಗೆ ನೋಡಿಕೊಳ್ಳುವ ಅದೇ ಯಜಮಾನರು ಮೊಮ್ಮಗ ಮಲಗುವ ಕೋಣೆಯ ಸೋರುವ ಗೋಡೆಯನ್ನು “ಬರುವ ವರ್ಷ ನೋಡುವ” ಎಂದು ಬಿಡುತ್ತಾರೆ. ಅಡಿಕೆಗೆ ಇದ್ದ ಬೆಲೆ ಮನುಷ್ಯನ ಎದೆಗೂಡಿಗೆ ಇಲ್ಲವೇ?

ಅಜ್ಜನ ಮನೆ, ಮೊಮ್ಮಗನ ಮನೆ

ಹಿಂದೆಯೂ ಇಷ್ಟೇ ಮಳೆ ಬರುತ್ತಿತ್ತು. ಆದರೆ ಮನೆ ಬೇರೆ ಇತ್ತು. ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಕರಾವಳಿಯಲ್ಲಿ ಹಂಚಿನ ಮಾಡು ಹಬ್ಬಿತು. ಹಂಚಿನ ಸಂದಿಯಲ್ಲಿ ಗಾಳಿ ಆಡುತ್ತದೆ. ಮಾಡು ಉದ್ದಕ್ಕೆ ಇಳಿದು ಗೋಡೆಗೆ ಮಳೆ ಹೊಡೆಯದಂತೆ ಕಾಯುತ್ತದೆ. ಮಳೆ ಬರುವ ಮೊದಲು ಜಗಲಿಗೆ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಅಕ್ಕಿಯನ್ನು ಮುಡಿ ಕಟ್ಟಿ, ನೆಲಕ್ಕೆ ತಾಗದಂತೆ ಇಡುತ್ತಿದ್ದರು. ಹಪ್ಪಳ, ಉಪ್ಪಿನಕಾಯಿ, ಸೌದೆ, ಹಾಸಿಗೆ ಎಲ್ಲಕ್ಕೂ ಮೇ ತಿಂಗಳ ಬಿಸಿಲಿನ ಶಾಸ್ತ್ರ ಆಗಲೇಬೇಕಿತ್ತು. ಒಲೆಯ ಬಿಸಿ ಮಾಡನ್ನೂ ಅಟ್ಟವನ್ನೂ ಒಣಗಿಸುತ್ತಿತ್ತು. ಒಲೆಯ ಹೊಗೆ ಹೆಂಗಸರ ಎದೆಗೆ ಮಾಡಿದ ಅನ್ಯಾಯ ಸಣ್ಣದಲ್ಲ, ಆ ಹೊಗೆ ಮತ್ತೆ ಬರಲಿ ಎಂದು ಯಾರೂ ಹೇಳುವುದಿಲ್ಲ. ಆದರೆ ತೇವ ಹೊರಗೆ ಹೋಗಲು ಒಂದು ದಾರಿ ಬೇಕೆಂಬ ಬುದ್ಧಿ ಅಂದಿನವರಿಗೆ ಇತ್ತು.

ಈಗ ಸಮತಟ್ಟಾದ ಕಾಂಕ್ರೀಟು ತಾರಸಿ. ನಾಲ್ಕೇ ಮಳೆಗೆ ಬಿರುಕು. ಆಮೇಲೆ ಅದರ ಮೇಲೆ ಕಬ್ಬಿಣದ ಶೀಟು. ಅದಾದರೂ ಒಳ್ಳೆಯದೇ, ಮೊದಲೇ ಹಾಕಬಹುದಿತ್ತು. ಕೆಲವರ ಉಪಾಯ ಇನ್ನೂ ಸುಲಭ: ಬೂಷ್ಟಿನ ಮೇಲೆಯೇ ಪೇಂಟು ಹೊಡೆದು “ಹೊಸ ಮನೆ” ಎಂದು ಬಾಡಿಗೆಗೆ ಕೊಡುವುದು. ಒಳಗೆ ನೀರು ಇರುವವರೆಗೆ ಪೇಂಟು ನಿಲ್ಲುವುದಿಲ್ಲ. ಮೊದಲ ಮಳೆಗೆ ಹಪ್ಪಳದ ಹಾಗೆ ಏಳುತ್ತದೆ.

ಬೂಷ್ಟು ಕೊಂದರೆ ಸಾಕು ಎಂದೂ ತಿಳಿಯಬೇಡಿ. ಸತ್ತ ಬೂಷ್ಟಿನ ಹುಡಿಯೂ ಅಲರ್ಜಿ ಕೊಡುತ್ತದೆ. ಒಣ ಪೊರಕೆಯಲ್ಲಿ ಗುಡಿಸಿದರೆ ಕಣಗಳು ಕೋಣೆಯಿಡೀ ಹಾರುತ್ತವೆ. ಮೂಗಿಗೆ ಮಾಸ್ಕ್ ಕಟ್ಟಿ, ಕಿಟಕಿ ತೆರೆದು, ಸಾಬೂನು ನೀರಿನ ಒದ್ದೆ ಬಟ್ಟೆಯಲ್ಲಿ ಒರಸಿ, ಆ ಜಾಗವನ್ನು ಪೂರ್ತಿ ಒಣಗಿಸಬೇಕು. ಬ್ಲೀಚಿಂಗ್ ಹುಡಿ ಬಳಸುವವರು ಅದಕ್ಕೆ ಪಾಯಿಖಾನೆ ತೊಳೆಯುವ ಆಸಿಡ್ ಸೇರಿಸಲೇಬಾರದು, ವಿಷಗಾಳಿ ಏಳುತ್ತದೆ. ಉಬ್ಬಸ ಇದ್ದವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಕ್ಷೇಮ.

ಅಂಗಡಿಯವರೇ, ಬಸ್ಸಿನವರೇ

ಅಂಗಡಿಯವರು ಸಾಮಾನಿಗೆ ಬೂಷ್ಟು ಬಂದರೆ ಹೌಹಾರುತ್ತಾರೆ. ಬೆಲ್ಲ, ಹುಣಸೆ ಹುಳಿ, ಒಣಮೆಣಸು, ಕೊಬ್ಬರಿ ಹಾಳಾದರೆ ನಷ್ಟ ಕಣ್ಣಿಗೆ ಕಾಣುತ್ತದೆ. ಗೋದಾಮಿನೊಳಗೆ ಬೆಳಗ್ಗಿಂದ ಸಂಜೆವರೆಗೆ ಗೋಣಿ ಎತ್ತಿ ಇಳಿಸುವ ಹುಡುಗನ ಕೆಮ್ಮಿನ ನಷ್ಟ ಯಾವ ಖಾತೆಯಲ್ಲೂ ಬರುವುದಿಲ್ಲ. ನೆಲದ ಮೇಲೆ ಹಲಗೆ, ಹಲಗೆಯ ಮೇಲೆ ಗೋಣಿ, ಗೋಣಿಗೂ ಗೋಡೆಗೂ ನಡುವೆ ಒಂದು ಗೇಣು ಜಾಗ ಬಿಟ್ಟರೆ ಸಾಮಾನೂ ಉಳಿಯುತ್ತದೆ, ಹುಡುಗನೂ ಉಳಿಯುತ್ತಾನೆ. ಒದ್ದೆಯಾದ ರಟ್ಟಿನ ಪೆಟ್ಟಿಗೆಯನ್ನು “ಇರಲಿ” ಎಂದು ಮೂಲೆಗೆ ಎಸೆಯಬೇಡಿ, ಬೂಷ್ಟಿಗೆ ಅದು ಮದುವೆ ಊಟ. ಇನ್ನು ಬೂಷ್ಟು ಹಿಡಿದ ನೆಲಗಡಲೆಯನ್ನು ಒರಸಿ ಮಾರುವವರಿದ್ದರೆ ಒಂದು ಮಾತು: ಅದು ಅಲರ್ಜಿಗಿಂತ ದೊಡ್ಡ ಪಾಪ. ಅದರ ವಿಷ ಲಿವರಿಗೆ ಹೋಗುತ್ತದೆ, ಒರಸಿದರೆ ತೊಲಗುವುದಿಲ್ಲ.

ಬಸ್ಸಿನ ಕತೆ ನಿತ್ಯ ಓಡಾಡುವವರಿಗೆ ನಾವು ಹೇಳಬೇಕಾಗಿಲ್ಲ. ಹೊರಗೆ ಮಳೆ, ಒಳಗೆ ಶಟರ್ ಎಳೆದು ಅರುವತ್ತು ಜನ, ಅರುವತ್ತು ಒದ್ದೆ ಕೊಡೆ. ಸೀಟಿನ ರೆಕ್ಸಿನ್ ಹರಿದು ಒಳಗಿನ ಸ್ಪಂಜು ನೀರು ಕುಡಿದು ಕೂತಿರುತ್ತದೆ. ಕೂತವರ ಪ್ಯಾಂಟು ಒದ್ದೆ, ಮೂಗಿಗೆ ಹಳಸಲು ವಾಸನೆ. ನಮ್ಮ ಖಾಸಗಿ ಬಸ್ಸಿನವರು ಒಂದು ನಿಮಿಷಕ್ಕಾಗಿ ಸ್ಟ್ಯಾಂಡಿನಲ್ಲಿ ಟೈಮಿನ ಜಗಳಕ್ಕೆ ನಿಲ್ಲುವವರು. ಅಷ್ಟು ಚುರುಕಿನವರಿಗೆ ಮಳೆ ಬಿಟ್ಟಾಗ ಶಟರ್ ಎತ್ತಿಸುವುದು, ರಾತ್ರಿ ಹಾಲ್ಟಿನಲ್ಲಿ ನೆಲ ಒರಸಿ ಗಾಳಿ ಆಡಲು ಬಿಡುವುದು, ಹರಿದ ಸೀಟು ಹೊಲಿಸುವುದು, ಎ.ಸಿ. ಬಸ್ಸಾದರೆ ಫಿಲ್ಟರು ತೊಳೆಯುವುದು ಕಷ್ಟವೇ? ಪ್ರಯಾಣಿಕರೂ ಅಷ್ಟೇ. ಹನಿ ನಿಂತ ಮೇಲೂ ಶಟರ್ ಎತ್ತಲು ಬಿಡದೆ ಜಗಳ ಮಾಡುವವರು ನಮ್ಮಲ್ಲಿ ಕಡಿಮೆ ಇಲ್ಲ.

ಶೀತ ಎಂದು ಸುಮ್ಮನಿರಬೇಡಿ

ಎಲ್ಲ ಕೆಮ್ಮೂ ಬೂಷ್ಟಿನದ್ದಲ್ಲ. ವೈರಸ್ಸಿನ ಶೀತ ಉಂಟು, ತೇವದ ಹಾಸಿಗೆಯಲ್ಲಿ ಹೆಚ್ಚುವ ಧೂಳುಹುಳ ಉಂಟು. ಆದರೆ ಶೀತ ಹತ್ತು ದಿನದಲ್ಲಿ ಹೋಗಬೇಕು. ಪ್ರತಿ ಮಳೆಗಾಲವೂ ಬಂದು ತಿಂಗಳುಗಟ್ಟಲೆ ನಿಲ್ಲುವ, ಒಂದು ನಿರ್ದಿಷ್ಟ ಕೋಣೆಗೆ ಹೋದರೆ ಹೆಚ್ಚುವ, ಊರು ಬಿಟ್ಟರೆ ಕಡಿಮೆಯಾಗುವ ಕೆಮ್ಮನ್ನು ಶ್ವಾಸಕೋಶದ ಅಥವಾ ಅಲರ್ಜಿಯ ವೈದ್ಯರಿಗೆ ತೋರಿಸಬೇಕು. ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆ ಇದೆ, ರಕ್ತಪರೀಕ್ಷೆ ಇದೆ.

ಇದರಲ್ಲಿ ಒಂದು ಗಂಭೀರ ಸಂಗತಿ ಅಡಗಿದೆ. ಅಸ್ತಮಾ ಇರುವ ಕೆಲವರಲ್ಲಿ ಆಸ್ಪರ್ಜಿಲಸ್ ಬೂಷ್ಟು ಶ್ವಾಸನಾಳದೊಳಗೇ ಬೀಡುಬಿಟ್ಟು ದೊಡ್ಡ ಅಲರ್ಜಿ ಎಬ್ಬಿಸುತ್ತದೆ. 1952ರಲ್ಲಿ ಲಂಡನ್ನಿನಲ್ಲಿ ಮೊದಲು ವರ್ಣಿಸಿದ ಕಾಯಿಲೆ ಇದು. ಎಕ್ಸ್‌ರೇಯಲ್ಲಿ ಕಲೆ, ಕಫದಲ್ಲಿ ಕೆಲವೊಮ್ಮೆ ರಕ್ತ, ತೂಕ ಇಳಿಯುವುದು. ನೋಡಲು ಥೇಟು ಕ್ಷಯದ ಹಾಗೆ. ಆದ್ದರಿಂದ ನಮ್ಮ ದೇಶದಲ್ಲಿ ಇಂಥ ರೋಗಿಗಳು ಕ್ಷಯದ ಮಾತ್ರೆ ನುಂಗುತ್ತಾ ಕಾಲ ಕಳೆದ ಪ್ರಸಂಗಗಳನ್ನು ವೈದ್ಯರೇ ಮತ್ತೆ ಮತ್ತೆ ಬರೆದಿದ್ದಾರೆ. ಹಾಗೆಂದು ಇದನ್ನು ಓದಿ ಯಾರೂ ಕ್ಷಯದ ಮಾತ್ರೆ ನಿಲ್ಲಿಸಬೇಡಿ! ಕಫದಲ್ಲಿ ಕ್ಷಯದ ರೋಗಾಣು ಸಿಗದೆ, ಮಾತ್ರೆ ತಿಂದರೂ ಗುಣವಾಗದೆ, ಜತೆಗೆ ಉಬ್ಬಸವೂ ಇದ್ದರೆ “ಡಾಕ್ಟ್ರೇ, ಇದು ಬೂಷ್ಟಿನದ್ದಿರಬಹುದಾ?” ಎಂದು ಒಂದು ಮಾತು ಕೇಳಿ. ಕೇಳುವುದಕ್ಕೆ ಫೀಸಿಲ್ಲ. ಹಾಗೆಯೇ, ಇನ್ಹೇಲರ್ ಒಮ್ಮೆ ಹಿಡಿದರೆ ಚಟ ಹತ್ತುತ್ತದೆ ಎಂಬ ಹೆದರಿಕೆಯನ್ನೂ ಬಿಡಿ. ಅದು ಮದ್ದು, ಬೀಡಿಯಲ್ಲ.

ಸಂಬಂಧಪಟ್ಟವರು ಯಾರು?

“ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?” ಎಂದು ಬರೆದು ಕೈ ತೊಳೆದುಕೊಳ್ಳುವುದು ಪತ್ರಿಕೆಯವರಿಗೆ ರೂಢಿ. ಈ ವಿಷಯದಲ್ಲಿ ಸಂಬಂಧಪಟ್ಟವರು ಬೆಂಗಳೂರಿನಲ್ಲಿಲ್ಲ, ಇಲ್ಲೇ ಇದ್ದಾರೆ.

ಬಾಡಿಗೆಗೆ ಕೊಡುವ ಧಣಿಗಳು ಸಂಬಂಧಪಟ್ಟವರು. ಮುಂಗಡ ಎಣಿಸಿಕೊಳ್ಳುವಾಗ ತಾರಸಿ ಸೋರುವುದಿಲ್ಲ ಎಂಬ ಮಾತನ್ನೂ ಕರಾರಿನಲ್ಲಿ ಬರೆದುಕೊಡಲಿ. ಬಾಡಿಗೆದಾರರೂ ನಾಚಿಕೆ ಬಿಟ್ಟು ಕೇಳಲಿ. ಉಡುಪಿಯ ನಗರಸಭೆ, ಕಾಪು ಕಾರ್ಕಳದ ಪುರಸಭೆಗಳು ಸಂಬಂಧಪಟ್ಟವು. ಚರಂಡಿಯ ಹೂಳನ್ನು ಮಳೆ ಬಂದ ಮೇಲಲ್ಲ, ಬರುವ ಮೊದಲು ತೆಗೆಯಬೇಕು, ತೆಗೆದ ಹೂಳನ್ನು ಚರಂಡಿಯ ದಂಡೆಯಲ್ಲೇ ಗುಡ್ಡೆ ಹಾಕಬಾರದು. ಕಟ್ಟಡಕ್ಕೆ ಪರವಾನಗಿ ಕೊಡುವಾಗ ಎರಡು ಗೋಡೆಯ ನಡುವೆ ಬಿಡಬೇಕಾದ ಜಾಗವನ್ನು ನಕ್ಷೆಯಲ್ಲಿ ಮಾತ್ರವಲ್ಲ, ನೆಲದಲ್ಲೂ ಅಳೆದು ನೋಡಬೇಕು. ಶಾಲೆಯ ಆಡಳಿತದವರು ಸಂಬಂಧಪಟ್ಟವರು. ಮಕ್ಕಳು ದಿನಕ್ಕೆ ಆರೇಳು ಗಂಟೆ ಕೂರುವ ಕೋಣೆಯ ಗೋಡೆ ಹೇಗಿದೆಯೆಂದು ಜೂನ್ ಒಂದಕ್ಕಿಂತ ಮೊದಲೇ ಕಣ್ಣು ಹಾಯಿಸಲಿ. ಪ್ರಾಥಮಿಕ ಆರೋಗ್ಯ ಕೇಂದ್ರದವರು ಡೆಂಗ್ಯೂ, ಇಲಿಜ್ವರದ ಪಟ್ಟಿಯ ಪಕ್ಕದಲ್ಲಿ ಮಳೆಗಾಲದ ಉಬ್ಬಸಕ್ಕೂ ಒಂದು ಕಾಲಮ್ ಎಳೆಯಲಿ. ಲೆಕ್ಕ ಇಲ್ಲದ ರೋಗಕ್ಕೆ ಸರಕಾರದಲ್ಲಿ ದುಡ್ಡೂ ಇರುವುದಿಲ್ಲ.

ನಮ್ಮ ತುಳುನಾಡಿನಲ್ಲಿ ಪತ್ತನಾಜೆ ಎಂಬ ಒಂದು ಗಡುವು ಇದೆ. ಮೇ ತಿಂಗಳ ಕೊನೆಯ ಆ ದಿನಕ್ಕೆ ಕೋಲ ನೇಮಗಳು ಮುಗಿಯುತ್ತವೆ, ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅದರ ಆಚೆ ಮಳೆಯ ರಾಜ್ಯ ಎಂದು ದೈವದೇವರುಗಳೂ ಒಪ್ಪಿಕೊಂಡ ಲೆಕ್ಕ. ಮೇಳದವರು ತಪ್ಪದೆ ಪಾಲಿಸುವ ಈ ಗಡುವನ್ನು ಕಟ್ಟಡದವರೂ ಪಾಲಿಸಲಿ. ಪತ್ತನಾಜೆಯೊಳಗೆ ತಾರಸಿಯ ಬಿರುಕು ಮುಚ್ಚಲಿ, ಚರಂಡಿ ತೆರೆಯಲಿ. ಆಮೇಲೆ ಬರುವ ಮಳೆ ಎಷ್ಟು ಬೇಕಾದರೂ ಬರಲಿ, ಅದು ಹೊರಗಿದ್ದರೆ ಸಾಕು.